ಹದಿನೈದೂವರೆ ಇಂಚಿನ ಕೊರಳು

"ಉಸಿರು ಬಿಡಿ. ಕತ್ತು ಬಿಗಿ ಹಿಡಿದ್ರೆ ಕಾಲರ್ ಸರಿ ಕೂರಲ್ಲ," ಎಂದು ದರ್ಜಿ ಹೆಂಗಸು ಅಳತೆಪಟ್ಟಿಯನ್ನು ಪತ್ತೇದಾರನ ಕೊರಳ ಸುತ್ತ ತಂದಳು.

ಪತ್ತೇದಾರ ಉಸಿರು ಬಿಟ್ಟ. ತಾನು ಅನುಮಾನಪಟ್ಟವಳ ಕೈಗೇ ಕೊರಳು ಕೊಟ್ಟು ನಿಲ್ಲುವುದು ಜಾಣತನವಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ಪ್ರಶ್ನೆ ಕೇಳಲು ಬಂದಾಗ ಎರಡು ಸಲವೂ ಅವಳು ಬಾಗಿಲಿನಿಂದಲೇ ಸಾಗಹಾಕಿದ್ದಳು. ಅಂಗಿ ಹೊಲಿಸಲು ಬಂದವನನ್ನು ಯಾವ ದರ್ಜಿಯೂ ಸಾಗಹಾಕುವುದಿಲ್ಲ.

"ಹದಿನೈದೂವರೆ," ಎಂದಳು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಉದ್ದನೆಯ ಅಳತೆ ಪುಸ್ತಕದಲ್ಲಿ ಬರೆದಳು.

ಪತ್ತೇದಾರನ ಕಣ್ಣು ಪೆನ್ಸಿಲಿನ ಮೊನೆಯ ಮೇಲೇ ಇತ್ತು. ಹದಿನೈದು ಬರೆದಳು. ಐದರ ತಲೆಯ ಮೇಲೆ ಒಂದು ಓರೆ ಗೀಟು ಎಳೆದಳು. ಗೀಟಿನ ಕೆಳಗೆ ಒಂದು ಚುಕ್ಕೆ ಇಟ್ಟಳು. ಅರ್ಧವನ್ನು ಬರೆಯುವ ಅವಳ ರೀತಿ ಅದು. ಪುಟದ ಉದ್ದಕ್ಕೂ, ಎದೆಗೂ ಸೊಂಟಕ್ಕೂ ತೋಳಿಗೂ, ಅದೇ ಗೀಟು, ಅದೇ ಚುಕ್ಕೆ.

ಅವನ ಜೇಬಿನಲ್ಲಿ ಮಡಚಿಟ್ಟಿದ್ದ ಆಸ್ಪತ್ರೆಯ ಹಾಳೆಯಲ್ಲೂ ಅದೇ ಇತ್ತು.

ಕಥೆ ಇಲ್ಲಿಗೆ ಬಂದು ನಿಂತದ್ದು ಹೀಗೆ: ಇವಳ ಗಂಡ, ಹೆಸರಾಂತ ಈಜು ತರಬೇತುದಾರ, ಭುಜದ ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿದು ವಾರ್ಡಿಗೆ ಬಂದವನು ಮಧ್ಯಾಹ್ನದ ನಿದ್ದೆಯಲ್ಲೇ ಉಸಿರು ನಿಂತು ಸತ್ತ, ಅರಿವಳಿಕೆ ಕೊಟ್ಟ ಡಾಕ್ಟರಮ್ಮನದೇ ತಪ್ಪು ಎಂದು ಇವಳು ದೂರು ಕೊಟ್ಟಳು, ಇವತ್ತು ನಾಲ್ಕು ಗಂಟೆಗೆ ಆಸ್ಪತ್ರೆಯ ಸಮಿತಿ ಡಾಕ್ಟರಮ್ಮನ ಹಣೆಬರಹ ತೀರ್ಮಾನಿಸಲಿದೆ. ಆ ಡಾಕ್ಟರಮ್ಮ ಪತ್ತೇದಾರನ ಒಡಹುಟ್ಟಿದ ಅಕ್ಕ.

ಇದೊಂದನ್ನು ಅವನು ದರ್ಜಿಗೆ ಹೇಳಿರಲಿಲ್ಲ. ಹೇಳಲು ನಾಲಿಗೆಯೂ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನು ಶಾಲೆಯಲ್ಲಿ ಡಾಕ್ಟರಮ್ಮನ ತಮ್ಮ, ಬೀದಿಯಲ್ಲಿ ಡಾಕ್ಟರಮ್ಮನ ತಮ್ಮ, ಸ್ವಂತ ಕಚೇರಿಯ ಬೋರ್ಡಿನ ಕೆಳಗೆ ನಿಂತವರೂ "ಡಾಕ್ಟರಮ್ಮನ ತಮ್ಮ ಇದ್ದಾರಾ?" ಎಂದೇ ಕೇಳುತ್ತಿದ್ದರು. ಅಕ್ಕ ಡಾಕ್ಟರಾಗುವುದಕ್ಕೆ ಮುಂಚೆಯೂ ಡಾಕ್ಟರಮ್ಮನೇ ಆಗಿದ್ದಳು. ಅಪ್ಪ ಐದನೇ ಕ್ಲಾಸಿನಲ್ಲೇ ಹಾಗೆ ಕರೆಯಲು ಶುರುಮಾಡಿದ್ದರು. ಸಾಯುವಾಗ ಮನೆಯನ್ನೂ ಅವಳಿಗೇ ಬಿಟ್ಟರು. ತಮ್ಮನಿಗೆ ಹೊಟ್ಟೆಯುರಿ ಬಿಟ್ಟರು.

ಅಂಥ ಅಕ್ಕ ಹತ್ತು ದಿನದ ಕೆಳಗೆ ಅವನ ಕಚೇರಿಗೆ ಬಂದು ಮೂರು ಸಲ ಗಂಟೆ ಒತ್ತಿದ್ದಳು. "ಗಂಟೆ ಕೆಲಸ ಮಾಡುತ್ತಲ್ಲೋ ನಿನ್ನ ಹತ್ತಿರ," ಎಂದು ನಕ್ಕಿದ್ದಳು. ಅವಳ ಮನೆಯ ಗಂಟೆ ಸತ್ತು ನಲವತ್ತು ವರ್ಷ. ಅದನ್ನು ಕೊಂದವನು ಇವನೇ. ಅಕ್ಕನ ಪರೀಕ್ಷೆಯ ಫಲಿತಾಂಶ ಬಂದ ದಿನ, ಅಭಿನಂದಿಸಲು ಬಂದವರೆಲ್ಲ ಗಂಟೆ ಬಾರಿಸಿ ಬಾರಿಸಿ ತಲೆಕೆಟ್ಟು, ಒಂಬತ್ತು ವರ್ಷದ ತಮ್ಮ ಅದರ ತಂತಿ ಕಿತ್ತಿದ್ದ. ಅಕ್ಕ ಯಾಕೋ ಅದನ್ನು ರಿಪೇರಿ ಮಾಡಿಸಲೇ ಇಲ್ಲ.

ಅವಳು ಸಹಾಯ ಕೇಳಿದಾಗ ಅವನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಎರಡೂ ಇನ್ನೂ ಹೊಟ್ಟೆಯಲ್ಲೇ ಇದ್ದವು.

"ಕಾಲರ್ ಯಾವ ಥರ ಬೇಕು?" ದರ್ಜಿ ಕೇಳಿದಳು.

"ನಿಮ್ಮ ಯಜಮಾನರದ್ದು ಇತ್ತಲ್ಲ, ಆ ಥರ."

ಅವಳ ಕೈ ನಿಂತಿತು. ಗೋಡೆಯ ಮೇಲೆ ಗಂಡನ ಫೋಟೊ ಇತ್ತು: ಈಜುಕೊಳದ ಅಂಚಿನಲ್ಲಿ ಸೀಟಿ ತೂಗುಹಾಕಿಕೊಂಡು ನಿಂತ ಗಟ್ಟಿ ಆಳು. ತಲೆ ಎಲ್ಲಿ ಮುಗಿಯಿತು, ಕೊರಳು ಎಲ್ಲಿ ಶುರುವಾಯಿತು ಎಂದು ಹೇಳಲಾಗದಂಥ ಮೈಕಟ್ಟು. ನೀರಿನೊಳಗೆ ಎರಡೂವರೆ ನಿಮಿಷ ಉಸಿರು ಹಿಡಿದಿದ್ದನೆಂದು ಫೋಟೊದ ಕೆಳಗೆ ಬರೆದಿತ್ತು.

"ಅವರ ಕೊರಳು ಎಷ್ಟಿತ್ತು?" ಎಂದ ಪತ್ತೇದಾರ.

"ನೀವು ಅಂಗಿ ಹೊಲಿಸೋಕೆ ಬಂದಿಲ್ಲ."

"ಹೊಲಿಸ್ತೀನಿ. ಮುಂಗಡಾನೂ ಕೊಡ್ತೀನಿ. ಎಷ್ಟಿತ್ತು?"

ಅವಳು ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಅವನು ಜೇಬಿನಿಂದ ಹಾಳೆ ತೆಗೆದು ಕತ್ತರಿಸುವ ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ ಬಿಡಿಸಿಟ್ಟ. ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರತಿ ರೋಗಿಯಿಂದ ತುಂಬಿಸಿಕೊಳ್ಳುವ ಹಾಳೆ ಅದು. ಜೋರಾಗಿ ಗೊರಕೆ ಹೊಡೆಯುತ್ತಾರೆಯೇ? ಇಲ್ಲ. ಹಗಲಲ್ಲಿ ತೂಕಡಿಸುತ್ತಾರೆಯೇ? ಇಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರೆಯೇ? ಇಲ್ಲ. ಕೊರಳ ಸುತ್ತಳತೆ? ಹದಿನೈದು, ಅದರ ತಲೆಯ ಮೇಲೆ ಓರೆ ಗೀಟು, ಗೀಟಿನ ಕೆಳಗೆ ಚುಕ್ಕೆ.

"ಖಾಲಿ ಹಾಳೆಗೆ ಗಂಡನ ಸಹಿ ಹಾಕಿಸಿಕೊಂಡು, ಆಮೇಲೆ ಡಾಕ್ಟರಮ್ಮನೇ ತುಂಬಿದ್ದು ಅಂತ ದೂರಿನಲ್ಲಿ ಬರೆದಿದ್ದೀರಿ. ನಿಮ್ಮನ್ನ ಯಾರೂ ಏನೂ ಕೇಳಲೇ ಇಲ್ಲ ಅಂದಿದ್ದೀರಿ. ನರ್ಸ್‌ಗೆ ದಿನಕ್ಕೆ ನಲವತ್ತು ಹಾಳೆ, ಅವಳಿಗೆ ನೆನಪಿಲ್ಲ. ಆದ್ರೆ ಅರ್ಧಾನ ಯಾವ ಡಾಕ್ಟರೂ ಹೀಗೆ ಬರೆಯಲ್ಲ."

"ಗೀಟು ಯಾರು ಬೇಕಾದ್ರೂ ಎಳೀತಾರೆ."

"ಪುಸ್ತಕ ತೆಗೀರಿ. ಅವರ ಹೆಸರಲ್ಲಿ ಎಷ್ಟು ಬರೆದಿದ್ದೀರಿ ನೋಡೋಣ."

ಅವಳು ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ಗೂಟದಲ್ಲಿ ಇನ್ನೂ ಗಂಡನ ಅಂಗಿಯೊಂದು ನೇತಾಡುತ್ತಿತ್ತು. ಪತ್ತೇದಾರ ಅದನ್ನು ತೆಗೆದು ಕಾಲರನ್ನು ತನ್ನ ಕೊರಳಿಗೆ ಸುತ್ತಿಕೊಂಡ. ಗುಂಡಿ ಹಾಕಿದ ಮೇಲೂ ಒಳಗೆ ನಾಲ್ಕು ಬೆರಳು ತೂರಿಸಬಹುದಿತ್ತು.

"ಹದಿನೆಂಟು," ಎಂದಳು ದರ್ಜಿ, ಅಂಗಿಯನ್ನು ಅವನ ಕೈಯಿಂದ ಕಿತ್ತುಕೊಂಡು. "ಮುಟ್ಟಬೇಡಿ ಅದನ್ನ. ಹದಿನೆಂಟೇ. ಇಪ್ಪತ್ತೆರಡು ವರ್ಷ ನಾನೇ ಹೊಲಿದಿದ್ದೀನಿ, ನನಗೆ ಗೊತ್ತಿಲ್ವಾ?"

"ಮತ್ತೆ ಹಾಳೇಲಿ ಎರಡೂವರೆ ಇಂಚು ಕತ್ತರಿಸಿದ್ಯಾಕೆ?"

ಅವಳು ಕುರ್ಚಿಯಲ್ಲಿ ಕುಳಿತಳು. ಅಂಗಿಯನ್ನು ಮಡಿಲಲ್ಲಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

ಈ ಕೆಲಸಕ್ಕೆ ಕೈ ಹಾಕಿದ ದಿನ ಅಕ್ಕ ಅವನಿಗೆ ಪಾಠ ಹೇಳಿದ್ದಳು, ಎಂದಿನಂತೆ ದಡ್ಡನಿಗೆ ಹೇಳುವ ಹಾಗೆ. ಕೆಲವರಿಗೆ ನಿದ್ದೆ ಬಂದೊಡನೆ ಗಂಟಲು ಕುಸಿದು ಮುಚ್ಚಿಕೊಳ್ಳುತ್ತದೆ. ಉಸಿರು ಕಟ್ಟುತ್ತದೆ. ಆಗ ತಲೆಯೊಳಗಿನ ಕಾವಲುಗಾರ ಅವರನ್ನು ಅರೆಬರೆ ಎಬ್ಬಿಸಿ ಉಸಿರೆಳೆಯುವಂತೆ ಮಾಡುತ್ತಾನೆ, ಗಂಟೆಗೆ ಮೂವತ್ತು ನಲವತ್ತು ಸಲ. ಅರಿವಳಿಕೆಯ ಮಂಪರು ಮತ್ತು ನೋವಿನ ಗಟ್ಟಿ ಇಂಜೆಕ್ಷನ್ ಸೇರಿದರೆ ಆ ಕಾವಲುಗಾರನೇ ನಿದ್ದೆ ಹೋಗುತ್ತಾನೆ. ಮೊದಲೇ ಗೊತ್ತಿದ್ದರೆ ಇಂಥವರಿಗೆ ಬೇರೆಯೇ ಏರ್ಪಾಡು: ತಲೆ ಎತ್ತರಿಸಿ ಮಲಗಿಸುವುದು, ಗಟ್ಟಿ ಇಂಜೆಕ್ಷನ್ ತಪ್ಪಿಸುವುದು, ಗಾಳಿ ಒತ್ತುವ ಯಂತ್ರದ ಮಾಸ್ಕ್ ಕಟ್ಟುವುದು, ಉಸಿರು ತಪ್ಪಿದರೆ ಕೂಗುವ ಯಂತ್ರವನ್ನು ಬೆರಳಿಗೆ ಸಿಕ್ಕಿಸುವುದು. ತರಬೇತುದಾರನನ್ನು ವಾರ್ಡಿನಲ್ಲಿ ಅಂಗಾತ ಮಲಗಿಸಿ, ತೋಳು ಬಿಗಿದು, ಎಲ್ಲರಿಗೂ ಕೊಡುವ ಗಟ್ಟಿ ಇಂಜೆಕ್ಷನ್ನನ್ನೇ ಕೊಟ್ಟಿದ್ದರು. ಹಾಳೆಯಲ್ಲಿ ಎಲ್ಲಕ್ಕೂ 'ಇಲ್ಲ' ಇತ್ತಲ್ಲ.

"ಅವರು ಎಕ್ಸ್‌ರೇಗೆ ಹೋಗಿದ್ರು," ದರ್ಜಿ ಶುರುಮಾಡಿದಳು. "ನರ್ಸ್ ಬಂದು ಹಾಳೆ ನನ್ನ ಕೈಗಿಟ್ಟಳು. 'ಪಕ್ಕದಲ್ಲಿ ಮಲಗೋರಿಗೇ ಗೊತ್ತಿರುತ್ತೆ, ನೀವೇ ತುಂಬಿಬಿಡಿ' ಅಂದಳು. ಟೈಲರ್ ಅಂತ ಗೊತ್ತಾದ ಮೇಲೆ ಅವಳ ಟೇಪೂ ತೆಗೀಲಿಲ್ಲ. ನಾನು ಪಕ್ಕದಲ್ಲಿ ಮಲಗಿ ಎಂಟು ವರ್ಷ ಆಯ್ತು. ಅದನ್ನ ಅವಳಿಗೆ ಹೇಳ್ಲಾ?"

"ಗೊತ್ತಿಲ್ಲ ಅಂತ ಬರೀಬಹುದಿತ್ತು."

"ನೀವು ಬರೀತಿದ್ರಾ? ಆ ಥರ ಗೊರಕೆ, ಕಿಟಕಿ ಗಾಜು ಅದುರೋದು. ಬೆಳಗ್ಗೆ ಐದಕ್ಕೆ ಮಷೀನ್ ಮುಂದೆ ಕೂರಬೇಕು ನಾನು. ಹಿಂದಿನ ಕೋಣೆಗೆ ಹೋಗಿ ಅಂದೆ. ಹೋದ್ರು. ಒಂದು ಮಾತಾಡದೆ ದಿಂಬು ಎತ್ಕೊಂಡು ಹೋದ್ರು. ಆಮೇಲೆ ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಕ್ರೀಡಾ ಶಿಬಿರ. ಶಿಬಿರದಿಂದ ಬಂದಾಗ ಮುಖ ಕಳೆಕಳೆಯಾಗಿರೋದು. ತೂಕಡಿಕೆ ನಿಂತಿತ್ತು. ಕೆನ್ನೆ ಮೇಲೆ ಗುರುತು ಇರೋದು, ಕಿವಿಯಿಂದ ಮೂಗಿನ ತನಕ, ಎರಡೂ ಕಡೆ. ಈಜು ಕನ್ನಡಕದ್ದು ಅಂದ್ರು."

"ಕನ್ನಡಕದ ಗುರುತು ಕಣ್ಣಿನ ಸುತ್ತ ಇರುತ್ತೆ."

"ಅದನ್ನ ನನಗೆ ಹೇಳ್ತೀರಾ? ಊಟ ಆಗಿ ಮಲಗಿದಾಗ ಟೇಪ್ ಹಿಡಿದು ಅಳೆದಿದ್ದೀನಿ. ನಾಲ್ಕೂ ಕಾಲು ಇಂಚು." ಅವಳು ಅಳತೆ ಪುಸ್ತಕದ ಕೊನೆಯ ಪುಟವನ್ನು ತಾನಾಗಿಯೇ ತೆರೆದು ತೋರಿಸಿದಳು. ತಾರೀಕು, ಬಲಗೆನ್ನೆ, ಎಡಗೆನ್ನೆ. ಹನ್ನೊಂದು ಸಲ ಅಳೆದಿದ್ದಳು.

ಪತ್ತೇದಾರನೂ ಒಂದು ಕಾಲದಲ್ಲಿ ಅಕ್ಕನ ಅಂಕಪಟ್ಟಿಗಳನ್ನು ಕದ್ದು ತನ್ನ ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತಿದ್ದ. ಹೊಟ್ಟೆಕಿಚ್ಚಿನವರೇ ಅತ್ಯಂತ ಶಿಸ್ತಿನವರು ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು.

ಅವಳು ಗುಂಡಿಗಳ ಡಬ್ಬಿಯ ತಳದಿಂದ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಎಸೆದಳು. ಒಳಗೆ ಮೂಗಿನ ಮೇಲೆ ಕೂರುವ ಮೆತ್ತನೆಯ ರಬ್ಬರ್ ತುಂಡಿತ್ತು. ಪೊಟ್ಟಣದ ಮೇಲೆ ಅಂಗಡಿಯ ಚೀಟಿ ಮತ್ತು ಒಂದು ನಂಬರು ಇದ್ದವು.

"ಇಸ್ತ್ರಿ ಮಾಡುವಾಗ ಅವರ ಜೇಬಲ್ಲಿ ಸಿಕ್ಕಿತು, ಆಪರೇಷನ್‌ಗೆ ನಾಲ್ಕು ದಿನ ಮುಂಚೆ. ಮೆಡಿಕಲ್ ಅಂಗಡಿಯವನು ಇದು ಗೊರಕೆ ಯಂತ್ರದ್ದು ಅಂದ. ಆಗ ಎಲ್ಲಾ ಅರ್ಥ ಆಯ್ತು. ಆ ಗೊರಕೇನ ನಾನು ಕೋಣೆ ದಾಟಿಸಿದೆ. ಇನ್ಯಾರೋ ಒಬ್ಬಳು ಪಕ್ಕದಲ್ಲಿ ಕೂತು ಕೇಳಿದ್ದಾಳೆ. ಇವರು ಉಸಿರಾಡ್ತಿದ್ದಾರಾ ಇಲ್ವಾ ಅಂತ ನೋಡಿದ್ದಾಳೆ. ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ದಾಳೆ, ಯಂತ್ರ ತರಿಸಿದ್ದಾಳೆ, ಮಾಸ್ಕ್ ಕಟ್ಟಿದ್ದಾಳೆ. ಹೆಂಡತಿ ಮಾಡೋ ಕೆಲಸ ಎಲ್ಲಾ ಅವಳು ಮಾಡಿದ್ದಾಳೆ. ನಾನು ಬರೀ ಅಂಗಿ ಹೊಲಿದೆ."

ಅಳು ಬರುವುದೆಂದು ಪತ್ತೇದಾರ ಕಾದ. ಬರಲಿಲ್ಲ. ಅವಳಿಗೆ ಇನ್ನೂ ಸಿಟ್ಟೇ ಇಳಿದಿರಲಿಲ್ಲ.

"ಆ ಹಾಳೇಲಿ 'ಹೌದು' ಅಂತ ಬರೆದ್ರೆ ನಾನು ಅವಳನ್ನ ಒಪ್ಪಿಕೊಂಡ ಹಾಗೆ. 'ಗೊತ್ತಿಲ್ಲ' ಅಂದ್ರೆ ನಾನು ಸೋತ ಹಾಗೆ. ಅದಕ್ಕೇ 'ಇಲ್ಲ' ಅಂತ ಬರೆದೆ. ಕೊರಳು ಹದಿನಾರು ದಾಟಿದ್ರೆ ನಿದ್ದೆ ಬಗ್ಗೆ ಮತ್ತೆ ವಿಚಾರಿಸ್ತಾರೆ ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು. ಇನ್ನೊಂದು ಸಲ ಆ ಪ್ರಶ್ನೆ ಕೇಳಿಸ್ಕೊಳ್ಳೋ ಶಕ್ತಿ ನನಗಿರಲಿಲ್ಲ. ಅಷ್ಟೇ. ಸಾಯ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

"ಸಹಿ ಹಾಕುವಾಗ ಅವರು ಓದಲಿಲ್ವಾ?"

"ಓದಿದ್ರು. ಓದಿ ನನ್ನ ಮುಖ ನೋಡಿದ್ರು. ನಾನೂ ನೋಡಿದೆ. ಬಾಯಿ ಬಿಟ್ಟು ನಿಜ ಹೇಳ್ತಾರೇನೋ ಅಂತ ಕಾದೆ. ಸಹಿ ಹಾಕಿ ಪೆನ್ನು ಕೊಟ್ರು."

ಹೊಲಿಗೆ ಯಂತ್ರದ ಮೇಲಿದ್ದ ಗಡಿಯಾರದಲ್ಲಿ ಒಂದೂ ಮುಕ್ಕಾಲು.

"ಇದನ್ನೇ ಸಮಿತಿ ಮುಂದೆ ಹೇಳಿ," ಎಂದ ಪತ್ತೇದಾರ. "ಹಾಳೆ ತುಂಬಿದ್ದು ನೀವೇ ಅಂತ ಸಹಿ ಹಾಕಿ. ಇಲ್ಲದಿದ್ರೆ ಮಾಡದ ತಪ್ಪಿಗೆ ಒಬ್ಬ ಡಾಕ್ಟರ್ ಕೆಲಸ ಹೋಗುತ್ತೆ."

ದರ್ಜಿ ಪುಸ್ತಕವನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. "ನಾನು ಒಪ್ಪದಿದ್ರೆ ಅದು ಬರೀ ಗೀಟು. ಒಪ್ತೀನಿ, ಜೈಲಿಗೆ ಹಾಕಿದ್ರೂ ಪರವಾಗಿಲ್ಲ. ಆದ್ರೆ ನೀವು ಪತ್ತೇದಾರರು ತಾನೇ? ಈ ಪೊಟ್ಟಣ ತಗೊಂಡು ಹೋಗಿ, ಅವಳು ಯಾರು ಅಂತ ಪತ್ತೆ ಮಾಡಿ. ನಾನು ಫೋನ್ ಮಾಡಿದಾಗ ಆ ಅಂಗಡಿಯವರು ಹೇಳಲಿಲ್ಲ. ನಾಲ್ಕು ಗಂಟೆಗೆ ಆಸ್ಪತ್ರೆಗೆ ಪುಸ್ತಕ ತಂದಿರ್ತೀನಿ. ನೀವು ಅವಳನ್ನ ಕೊಡಿ, ನಾನು ನಿಮ್ಮ ಡಾಕ್ಟರಮ್ಮನ್ನ ಬಿಟ್ಟುಕೊಡ್ತೀನಿ."

* * *

ಬಸ್ಸಿನಲ್ಲಿ ಕುಳಿತಾಗ ಪತ್ತೇದಾರನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಕ್ಕ ಬಚಾವಾಗುತ್ತಾಳೆ. ಬಚಾವಾದ ಮೇಲೆ ಮತ್ತೆ ಅವಳು ಡಾಕ್ಟರಮ್ಮ, ಇವನು ತಮ್ಮ.

ಅವಳ ಕಡತವನ್ನು ಮತ್ತೊಮ್ಮೆ ತಿರುವಿದ. ಎಷ್ಟು ಸಲ ಓದಿದರೂ ಹೊಟ್ಟೆ ಉರಿಯುವಂಥ ಕಡತ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅಕ್ಕ ಒಂದೂ ತಪ್ಪು ಮಾಡಿರಲಿಲ್ಲ. ಭುಜದ ಕೆಳಗೆ ಮಡಚಿದ ಹಾಸುಗಳನ್ನಿಟ್ಟು ತಲೆ ಎತ್ತರಿಸಿದ್ದಳು. ಕಷ್ಟದ ಗಂಟಲಿಗೆಂದೇ ಇರುವ ಕ್ಯಾಮೆರಾ ಉಪಕರಣವನ್ನು ಮೊದಲೇ ತರಿಸಿಟ್ಟಿದ್ದಳು. ಗಟ್ಟಿ ಔಷಧಿ ಒಂದು ಹನಿಯೂ ಕೊಟ್ಟಿರಲಿಲ್ಲ. ರೋಗಿ ಪೂರ್ತಿ ಎಚ್ಚರಾಗಿ ಎದ್ದು ಕುಳಿತ ಮೇಲೆಯೇ ಗಂಟಲಿನ ಉಸಿರು ಕೊಳವೆ ತೆಗೆದಿದ್ದಳು.

"ಹಾಳೇಲಿ ಎಲ್ಲಾ 'ಇಲ್ಲ' ಇದ್ದಾಗ ಇಷ್ಟೆಲ್ಲ ಯಾಕೆ ಮಾಡಿದೆ?" ಎಂದು ಅವನು ಕೇಳಿದ್ದ.

"ಕೊರಳು ನೋಡಿದೆ. ಕಣ್ಣಿದ್ದೋರಿಗೆ ಕಾಣುತ್ತೆ," ಎಂದಿದ್ದಳು.

ತನಗೆ ಕಣ್ಣಿಲ್ಲ ಎಂದು ಹೇಳಿದಳೆಂದುಕೊಂಡು ಅವನು ಆ ಸಂಜೆಯೆಲ್ಲ ಕುದ್ದಿದ್ದ. ವಾರ್ಡಿನ ಬೆಳಗಿನ ಪಾಳಿಯ ನರ್ಸ್ ಇನ್ನೊಂದು ಮಾತು ಹೇಳಿದ್ದಳು: ಡಾಕ್ಟರಮ್ಮ ಬಂದು, ಇವರನ್ನು ಕೂರಿಸಿಯೇ ಮಲಗಿಸಿ, ಗಟ್ಟಿ ಇಂಜೆಕ್ಷನ್ ಬೇಡ ಎಂದು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ಬರೆದಿರಲಿಲ್ಲ. ಎರಡು ಗಂಟೆಗೆ ಪಾಳಿ ಬದಲಾಯಿತು. ಬಾಯಿಮಾತು ಬೆಳಗಿನ ಪಾಳಿಯ ಜೊತೆ ಮನೆಗೆ ಹೋಯಿತು.

ಪ್ರತಿಯೊಂದನ್ನೂ ಎರಡೆರಡು ಸಲ ಬರೆಯುವ ಅಕ್ಕ ಇದೊಂದನ್ನು ಯಾಕೆ ಬರೆಯಲಿಲ್ಲ? ಅವಸರ, ಎಂದುಕೊಂಡಿದ್ದ. ಅಕ್ಕನಿಗೂ ಅವಸರವಾಗುತ್ತದೆ ಎಂದು ಒಳಗೊಳಗೇ ಸಂತೋಷಪಟ್ಟಿದ್ದ.

ಉಸಿರಾಟದ ಯಂತ್ರಗಳ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಕಿಟಕಿಯ ಉದ್ದಕ್ಕೂ ಪ್ಲಾಸ್ಟಿಕ್ ತಲೆಗಳು, ಒಂದೊಂದಕ್ಕೂ ಒಂದೊಂದು ಮಾಸ್ಕ್. ತಂತ್ರಜ್ಞೆ ಪೊಟ್ಟಣದ ನಂಬರನ್ನು ಕಂಪ್ಯೂಟರಿಗೆ ಒತ್ತಿದಳು.

"ಗಿರಾಕಿಗಳ ವಿಷಯ ಹೊರಗೆ ಹೇಳೋ ಹಾಗಿಲ್ಲ ಸರ್."

"ಹೇಳಬೇಡಿ ಬಿಡಿ. ಆದ್ರೆ ಅವರು ತೀರಿಕೊಂಡ್ರು. ಯಂತ್ರ ಬಾಡಿಗೇದು ಅಂತ ಚೀಟೀಲಿದೆ. ಅದನ್ನ ವಾಪಸ್ ತರಬೇಕಾದೋರು ನೀವು, ನಾನಲ್ಲ. ಎಲ್ಲಿದೆ ಅಂತ ಗೊತ್ತಾ?"

ತಂತ್ರಜ್ಞೆಯ ಕೈ ಬಾಯಿಗೆ ಹೋಯಿತು. "ಅಯ್ಯೋ, ಆ ಕೋಚ್ ಸರ್ ಹೋಗಿಬಿಟ್ರಾ? ನಾನೇ ಹೋಗಿ ಮಾಸ್ಕ್ ಕೂರಿಸಿಕೊಟ್ಟಿದ್ದೆ. ಆ ಮೇಡಂ ಹೇಗಿದ್ದಾರೆ?"

"ಯಾವ ಮೇಡಂ?"

"ಮನೆಯವರು. ತುಂಬ ಚೆನ್ನಾಗಿ ನೋಡ್ಕೋತಿದ್ರು ಸರ್. ನಾನು ಹೇಳೋದಕ್ಕೆ ಮುಂಚೆ ಅವರಿಗೇ ಎಲ್ಲಾ ಗೊತ್ತಿರೋದು. ಆಪರೇಷನ್ ಹಿಂದಿನ ದಿನ ಫೋನ್ ಮಾಡಿದ್ರು, ಇನ್ನೊಂದು ಯಂತ್ರ ನೇರವಾಗಿ ವಾರ್ಡಿಗೇ ಕಳಿಸೋಕಾಗುತ್ತಾ ಅಂತ. ಆಗುತ್ತೆ, ಬಿಲ್ಲು ಯಾರ ಹೆಸರಿಗೆ ಅಂದೆ. ಸುಮ್ಮನಾದ್ರು. ಒಂದು ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ, ಬೇಡ ಅಂದ್ರು. ಕಳಿಸಿದ್ರೆ ಉಳೀತಿದ್ರೇನೋ ಅಲ್ವಾ ಸರ್?"

ಪತ್ತೇದಾರ ಪರದೆಯತ್ತ ಬಗ್ಗಿದ. "ಮನೆ ಎಲ್ಲಿ?"

"ದಾರಿ ಬರೆದಿದ್ದೀನಿ ನೋಡಿ." ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. "ಹಳೇ ನೀರಿನ ಟ್ಯಾಂಕ್ ಹಿಂದಿನ ಬೀದಿ, ಹಸಿರು ಗೇಟು, ಬಾಗಿಲಿಗೆ ಮೂರು ಮೆಟ್ಟಿಲು."

ಅದರ ಕೆಳಗೆ ಇನ್ನೊಂದು ಸಾಲಿತ್ತು. 'ಗಂಟೆ ಕೆಟ್ಟಿದೆ, ಬಹಳ ವರ್ಷದಿಂದಂತೆ. ಕಿಟಕಿ ತಟ್ಟಬೇಕು.'

ಅವನು ಆ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಆ ಗಂಟೆಯ ತಂತಿ ಕಿತ್ತವನು ಅವನೇ.

ಅಕ್ಕ ಕೊರಳು ನೋಡಿ ಊಹಿಸಿದ್ದಲ್ಲ. ಆ ಕೊರಳಿನ ಪಕ್ಕದಲ್ಲಿ ಅವಳು ಎರಡು ವರ್ಷ ಎಚ್ಚರವಾಗಿ ಮಲಗಿದ್ದಳು. ಹಾಸು ಮಡಚಿಟ್ಟಿದ್ದು, ಉಪಕರಣ ತರಿಸಿಟ್ಟಿದ್ದು, ಎಲ್ಲವೂ ಗೊತ್ತಿದ್ದು ಮಾಡಿದ್ದು. ಬರೆದರೆ 'ನಿಮಗೆ ಹೇಗೆ ಗೊತ್ತಾಯಿತು' ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ಬಾಯಲ್ಲಿ ಹೇಳಿದಳು. ಹೆಂಡತಿ ಸುಳ್ಳು ಬರೆದಳು, ಗಂಡ ಅದಕ್ಕೆ ಸಹಿ ಹಾಕಿದ, ಅಕ್ಕ ಅದನ್ನು ಓದಿ ಕಡತಕ್ಕೆ ಸೇರಿಸಿದಳು. ಮೂವರಿಗೂ ನಿಜ ಗೊತ್ತಿತ್ತು. ಮೂವರ ಬಾಯಿಗೂ ಬೀಗ ಬಿದ್ದಿತ್ತು.

ಅಕ್ಕನ ಒಂದೇ ಒಂದು ತಪ್ಪಿಗಾಗಿ ಅವನು ಬದುಕಿಡೀ ಕಾದಿದ್ದ. ಇಷ್ಟು ದೊಡ್ಡದನ್ನು ಅವನು ಕೇಳಿರಲಿಲ್ಲ.

* * *

ಸಮಿತಿಯ ಕೋಣೆಯ ಹೊರಗಿನ ಓಣಿಯಲ್ಲಿ ಒಂದೇ ಬೆಂಚಿತ್ತು. ನಾಲ್ಕಕ್ಕೆ ಹತ್ತು ನಿಮಿಷ. ಪತ್ತೇದಾರ ಮೆಟ್ಟಿಲು ಹತ್ತಿ ತಿರುವಿನಲ್ಲೇ ನಿಂತುಬಿಟ್ಟ.

ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರು. ದರ್ಜಿಯ ಮಡಿಲಲ್ಲಿ ಅಳತೆ ಪುಸ್ತಕ. ಅದರ ಮೇಲೆ ಅಕ್ಕನ ಬಲಗೈ. ದರ್ಜಿ ಸೂಜಿ ಹಿಡಿದು ಅಕ್ಕನ ಬಿಳಿ ಕೋಟಿನ ತೋಳಿಗೆ ಗುಂಡಿ ಹೊಲಿಯುತ್ತಿದ್ದಳು.

"ಗುಂಡಿ ಜೋತಾಡ್ತಿತ್ತು," ಎಂದಳು ಅವನನ್ನು ಕಂಡು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ. "ನೋಡ್ಕೊಂಡು ಸುಮ್ಮನಿರೋಕೆ ಆಗಲಿಲ್ಲ. ಬೇಡ ಬೇಡ ಅಂದ್ರು ಇವರು. ಪಾಪ, ಇವರೂ ಸಣ್ಣಗಾಗಿ ಹೋಗಿದ್ದಾರೆ. ಕೋಟು ಎರಡು ಇಂಚು ಸಡಿಲ ಆಗಿದೆ."

ಅಕ್ಕ ತಲೆ ಎತ್ತಲಿಲ್ಲ. ಆ ಸೂಜಿಯ ಕೈಯನ್ನೇ ನೋಡುತ್ತಿದ್ದಳು. ಆ ಕೈ ಹೊಲಿದ ಅಂಗಿಗಳು ಅವಳ ಮನೆಯ ಗೂಟದಲ್ಲೂ ನೇತಾಡಿದ್ದವು. ಆ ನೋಟವನ್ನು ಪತ್ತೇದಾರ ಕನ್ನಡಿಯಲ್ಲಿ ಬೇಕಾದಷ್ಟು ಸಲ ಕಂಡಿದ್ದ. ಅಕ್ಕನಿಗೂ ಹೊಟ್ಟೆಕಿಚ್ಚಾಗುತ್ತದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು.

ದರ್ಜಿ ಹಲ್ಲಿನಿಂದ ದಾರ ಕಡಿದಳು. ಗುಂಡಿಯನ್ನು ಎಳೆದು ನೋಡಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡಳು. ಅಕ್ಕನ ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ.

"ಸಿಕ್ಕಿದಳಾ?" ಎಂದು ಅವನನ್ನು ಕೇಳಿದಳು. "ಪುಸ್ತಕ ತಂದಿದ್ದೀನಿ."

ಪತ್ತೇದಾರನ ಜೇಬಿನಲ್ಲಿ ಪ್ಲಾಸ್ಟಿಕ್ ಪೊಟ್ಟಣ ಸದ್ದು ಮಾಡಿತು. ಆ ಸದ್ದಿಗೆ ಅಕ್ಕ ತಲೆ ಎತ್ತಿದಳು. ಜೇಬಿನಿಂದ ಅರ್ಧ ಹೊರಗೆ ಬಂದಿದ್ದ ರಬ್ಬರ್ ತುಂಡನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

ಕೋಣೆಯ ಬಾಗಿಲು ತೆರೆಯಿತು. ಒಳಗಿನಿಂದ ಯಾರೋ ಇಬ್ಬರೂ ಬನ್ನಿ ಎಂದರು. ಇಬ್ಬರೂ ಏಳಲಿಲ್ಲ.

"ಹೇಳೋ," ಎಂದಳು ಅಕ್ಕ ಮೆಲ್ಲಗೆ. "ಇವರು ಎರಡು ವರ್ಷದಿಂದ ಕೇಳ್ತಿದ್ದಾರೆ."